ಯಂತ್ರದ ಹೊಟ್ಟೆಯೊಳಗಿನ ಚಲುವಯ್ಯ

ಬೆಂಕಿಯಲ್ಲಿ ಕಾಯಿಸದಿದ್ದರೆ ಕೆಲಸ ಮಾಡದ ಕೃತಕ ಬುದ್ಧಿಮತ್ತೆ ಇಡೀ ಇಂದಿರಾನಗರದಲ್ಲಿ ಒಂದೇ ಒಂದಿತ್ತು. ಅದರ ಹೆಸರು ಲಯೋಮಾ, ಅದನ್ನು ನಡೆಸುತ್ತಿದ್ದ ಕಂಪನಿಯದೂ ಅದೇ ಹೆಸರು. ದಿನಾ ಬೆಳಿಗ್ಗೆ ಹತ್ತಕ್ಕೆ ಆ ಕಂಪನಿಯ ತಾರಸಿಯ ಮೇಲೆ ಹಳೆಯ ಪತ್ರಿಕೆ, ಊಟ ಬಂದ ರಟ್ಟಿನ ಡಬ್ಬಿ ಎಲ್ಲಕ್ಕೂ ಬೆಂಕಿ ಹಚ್ಚಿ, ಐವತ್ತೆಂಟು ವರ್ಷದ ಚಲುವಯ್ಯ ತನ್ನ ತಮಟೆಯನ್ನು ಕಾಯಿಸುತ್ತಿದ್ದ. ಚರ್ಮ ಬಿಗಿಯಾಗದೆ ತಮಟೆ ಮಾತಾಡುವುದಿಲ್ಲ. ಷೇರುಪೇಟೆಯ ಸುದ್ದಿ ಬರುವ ಗುಲಾಬಿ ಬಣ್ಣದ ಪತ್ರಿಕೆ ಎಲ್ಲಕ್ಕಿಂತ ಚೆನ್ನಾಗಿ ಉರಿಯುತ್ತದೆ ಎಂಬುದು ಅವನ ಅನುಭವ. ಪಕ್ಕದ ಕಟ್ಟಡದವರು ಹೊಗೆಯೆಂದು ತಕರಾರು ತೆಗೆದಾಗ ಕಂಪನಿಯ ಮಾಲೀಕ ಸೂರ್ಯ, "ಸರ್ವರ್ ಮೇಂಟೆನೆನ್ಸ್ ಸಾರ್, ಹತ್ತೇ ನಿಮಿಷ" ಎಂದು ಕೈಮುಗಿದಿದ್ದ. ಅವರೂ ಅಂಥದೇ ಒಂದು ಕಂಪನಿ ನಡೆಸುತ್ತಿದ್ದುದರಿಂದ ಹೆಚ್ಚು ಕೆದಕಲಿಲ್ಲ.

ಲಯೋಮಾ ಜಗತ್ತಿಗೆ ಹೇಳುತ್ತಿದ್ದುದು ಇಷ್ಟು: ನಿಮಗೆ ಬೇಕಾದ ಭಾವವನ್ನು ಟೈಪ್ ಮಾಡಿ, ಯಂತ್ರ ನಿಂತ ಕಾಲಲ್ಲಿ ಹೊಸ ಜಾನಪದ ತಾಳ ಹುಟ್ಟಿಸಿ ಕೊಡುತ್ತದೆ. ನಿಜವಾಗಿ ನಡೆಯುತ್ತಿದ್ದುದೇ ಬೇರೆ. ಕೆಳಗಿನ ಹಾಲ್‌ನಲ್ಲಿ ಗಿರಾಕಿ "ಖುಷಿ, ಆದರೆ ಸ್ವಲ್ಪ ಬೇಜಾರು" ಎಂದು ಟೈಪ್ ಮಾಡಿದರೆ, ಮೂರನೇ ಮಹಡಿಯಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಾಮಾನಿನ ಕೋಣೆಯ ಪರದೆಯ ಮೇಲೆ ಅದು ಕನ್ನಡದಲ್ಲಿ ಮೂಡುತ್ತಿತ್ತು. ಕೆಳಗೆ ಗಿರಾಕಿಯ ಪರದೆಯ ಮೇಲೆ ಒಂದು ಚಕ್ರ ಹನ್ನೆರಡು ಸೆಕೆಂಡು ಗಿರಗಿರನೆ ಸುತ್ತುತ್ತಿತ್ತು. ಅಷ್ಟರೊಳಗೆ ಚಲುವಯ್ಯ ಟೀ ಲೋಟ ಕೆಳಗಿಟ್ಟು, ತಮಟೆಯನ್ನು ಕಣ್ಣಿಗೊತ್ತಿಕೊಂಡು, "ಅಪ್ಪಾ ಮುನಿನಾರಾಯಣಪ್ಪಾ, ತಪ್ಪಾದ್ರೆ ಹೊಟ್ಟೇಗ್ ಹಾಕ್ಕೋ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಮೈಕಿನ ಕೆಂಪು ದೀಪ ಹತ್ತುತ್ತಿತ್ತು, ಯಂತ್ರ ಶುರುವಾಗುತ್ತಿತ್ತು. ಮೊದಮೊದಲು ಸೂರ್ಯ ಐದೇ ಸೆಕೆಂಡು ಕೊಟ್ಟಿದ್ದ. "ಅಪ್ಪನ್ ಹೆಸರು ಹೇಳ್ದೆ ಕೋಲು ಎತ್ತಲ್ಲ ಸಾರ್" ಎಂದು ಚಲುವಯ್ಯ ಹಟ ಹಿಡಿದ ಮೇಲೆ ಹನ್ನೆರಡಾಯಿತು. ತಂತ್ರಜ್ಞಾನದ ಅಂಕಣಕಾರನೊಬ್ಬ ಆ ಹನ್ನೆರಡು ಸೆಕೆಂಡನ್ನು "ಯಂತ್ರದ ಧ್ಯಾನ" ಎಂದು ಕೊಂಡಾಡಿ ಬರೆದ.

ಮುನಿನಾರಾಯಣಪ್ಪ ಹಲಸೂರಿನವನು. ಕಾರ್ಖಾನೆಯ ಪ್ರೆಸ್ಸಿಗೆ ಎಡಗೈಯ ಎರಡು ಬೆರಳು ಕೊಟ್ಟು ಬಂದವನು. ತಮಟೆಯ ಸಣ್ಣ ಕೋಲು ಹಿಡಿಯುವುದು ಎಡಗೈಯಲ್ಲೇ. ಬೆರಳಿಲ್ಲದ ಕೈಯಲ್ಲಿ ಆ ಕೋಲು ಕೂದಲೆಳೆಯಷ್ಟು ತಡವಾಗಿ ಬೀಳತೊಡಗಿತು. ಬೇರೆಯವನಾಗಿದ್ದರೆ ತಮಟೆಯನ್ನು ಅಟ್ಟಕ್ಕೆ ಹಾಕುತ್ತಿದ್ದ. ಈ ಮಹಾರಾಯ ಆ ತಡವನ್ನೇ ತಾಳ ಮಾಡಿಕೊಂಡ. ಕೇಳಿದವರ ಕಾಲು ಮುಂದಿಡಬೇಕೋ ನಿಲ್ಲಬೇಕೋ ತಿಳಿಯದೆ ತಾನಾಗಿ ಕುಣಿಯುತ್ತಿತ್ತು. ಹಲಸೂರಿನಿಂದ ಕೆ.ಆರ್. ಪುರದವರೆಗೆ ಜನ ಅದನ್ನು ಕುಂಟು ಹೊಡೆತ ಎನ್ನುತ್ತಿದ್ದರು. ಹತ್ತೂ ಬೆರಳು ನೆಟ್ಟಗಿದ್ದ ಚಲುವಯ್ಯ ಆ ಕುಂಟು ಕಲಿಯಲು ಆರು ವರ್ಷ ಒದ್ದಾಡಿದ. ಅಪ್ಪ ಸತ್ತಾಗ ಕಲ್ಪಳ್ಳಿ ಸ್ಮಶಾನದವರೆಗೂ ತಾನೇ ಅದನ್ನು ಬಾರಿಸಿಕೊಂಡು ಹೋಗಿದ್ದ.

ಮಗನಿಗೆ ಅಪ್ಪ ಬಿಟ್ಟುಹೋಗಿದ್ದು ಆ ಹೊಡೆತ ಮತ್ತು ಎರಡು ಕಟ್ಟಳೆ. ಕಲಿಸಿದವರ ಹೆಸರು ಹೇಳಿ ಶುರು ಮಾಡು. ಹೆಣ ಎದುರಾದರೆ, ಮದುವೆಯಿರಲಿ ಮೆರವಣಿಗೆಯಿರಲಿ, ನಿಲ್ಲಿಸು. ತಮಟೆಯನ್ನು ಬೋರಲು ಹಾಕು. ಅದು ದಾಟಿಹೋದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡು. "ಯಾರ್ ಹೆಣಾನೇ ಆಗ್ಲಿ, ಇವತ್ತು ಅವನ್ದೇ ದಿನ ಕಣೋ" ಎನ್ನುತ್ತಿದ್ದ ಅಪ್ಪ.

ಗರುಡಾಚಾರ್‌ಪಾಳ್ಯದಲ್ಲಿ ಚಲುವಯ್ಯ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಬಾಬಾಸಾಹೇಬರ ಜಯಂತಿಯ ಮೆರವಣಿಗೆಯಲ್ಲಿ ಅವನ ತಮಟೆ ಕೇಳಿದ ಸೂರ್ಯ ಬೆನ್ನುಹತ್ತಿ ಬಂದ. "ನಮ್ ಮೆಷಿನ್ನು ಇನ್ನೂ ಕಲೀತಿದೆ ಅಂಕಲ್. ಅದು ಕಲಿಯೋವರ್ಗೂ ಮೂರು ತಿಂಗಳು ನೀವು ಬಾರಿಸಿ. ಯಾರಿಗೂ ಹೇಳ್ಬಾರ್ದು ಅಷ್ಟೇ" ಎಂದ. ಚಲುವಯ್ಯ ಮಾತು ಕೊಟ್ಟ, ತೋರಿಸಿದಲ್ಲೆಲ್ಲ ಸಹಿ ಹಾಕಿದ. ಸಿನಿಮಾದಲ್ಲಿ ಒಬ್ಬ ಹಾಡಿ ಇನ್ನೊಬ್ಬ ತುಟಿ ಆಡಿಸುವುದಿಲ್ಲವೇ, ಇದೂ ಹಾಗೇ ಎಂದು ಸಮಾಧಾನ ಮಾಡಿಕೊಂಡ. ಹತ್ತು ತಿಂಗಳಾದರೂ ಯಂತ್ರ ಏನೂ ಕಲಿಯಲಿಲ್ಲ. ಅಸಲಿಗೆ ಯಂತ್ರವೇ ಇರಲಿಲ್ಲ.

ಫೆಬ್ರುವರಿಯಲ್ಲಿ ಮಗಳು ನಂದಿತಾ ಮೊಬೈಲು ಹಿಡಿದುಕೊಂಡು ಬಂದಳು. ಫ್ರೇಜರ್ ಟೌನಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಜಯಂತಿಯ ಮೆರವಣಿಗೆಯ ವಿಡಿಯೊವನ್ನು ಅವಳೇ ಇಂಟರ್‌ನೆಟ್ಟಿಗೆ ಹಾಕಿದ್ದಳು. ಈಗ ಅದು ಮಾಯವಾಗಿತ್ತು. ಅದರ ಜಾಗದಲ್ಲಿ ಒಂದು ಒಕ್ಕಣೆ: ಈ ತಾಳ ಭಗವಂತ ಆಡಿಯೊ ಮತ್ತು ಲಯೋಮಾ ಕಂಪನಿಯ ಸ್ವತ್ತು. ಮಾದರಿ ನಲವತ್ತೇಳು. ಅನುಮತಿಯಿಲ್ಲದೆ ಬಳಸಿದರೆ ಕ್ರಮ. ರಾಮಮೂರ್ತಿ ನಗರದಲ್ಲಿ ತಮಟೆ ತಂಡ ಕಟ್ಟಿಕೊಂಡಿದ್ದ ಮುನಿನಾರಾಯಣಪ್ಪನ ಶಿಷ್ಯ ಮುನಿರಾಜ್‌ಗೂ ಅಂಥದೇ ನೋಟಿಸು ಹೋಗಿತ್ತು.

"ಅಪ್ಪಾ, ತಾತನ್ ಹೊಡೆತ ಇವ್ರ್ದು ಹೇಗಾಯ್ತು?" ಎಂದಳು ನಂದಿತಾ.

ಹೇಗಾಯಿತೆಂದು ಚಲುವಯ್ಯನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಮೈಕಿನೊಳಕ್ಕೆ ಸುರಿದು ಬಂದವನು ಅವನೇ.

ಭಗವಂತ ಆಡಿಯೊದ ಒಡೆಯ ಭಗವಂತರಾಯ ಒಂದು ಕಾಲಕ್ಕೆ ಶಿವಾಜಿನಗರದಲ್ಲಿ ಭಕ್ತಿಗೀತೆಯ ಕ್ಯಾಸೆಟ್ಟು ಮಾರುತ್ತಿದ್ದವನು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಬೇರೆ ಕಸುಬು ಹಿಡಿದ. ಹೆತ್ತವರಾರೆಂದು ಬರೆದಿಡದ ಜೋಗುಳ, ಸೋಬಾನೆ, ಬೀಸುವ ಹಾಡು ಎಲ್ಲವನ್ನೂ ಯಾರದೋ ಗಂಟಲಲ್ಲಿ ರೆಕಾರ್ಡ್ ಮಾಡಿಸಿ ತನ್ನ ಹೆಸರಿಗೆ ನೋಂದಾಯಿಸಿಕೊಳ್ಳುವುದು. ಈ ಊರಲ್ಲಿ ಕೆಲವರು ಕೆರೆಯಂಗಳಕ್ಕೆ ಬೇಲಿ ಹಾಕುತ್ತಾರಲ್ಲ, ಅದೇ ಕುಶಲತೆ. ಲಯೋಮಾದಲ್ಲಿ ಅವನು ಅರ್ಧ ಪಾಲುದಾರ. ಚಲುವಯ್ಯ ಕೇಳಲು ಹೋದಾಗ ಅವನು ಕುರ್ಚಿ ಎಳೆದುಕೊಟ್ಟು ಬಹಳ ಮರ್ಯಾದೆಯಿಂದ ಮಾತಾಡಿದ.

"ನಿಮ್ ತಂದೆಯವರು ಇದನ್ನ ಎಲ್ಲಾದ್ರೂ ಬರೆದಿಟ್ಟಿದ್ರಾ ಚಲುವಯ್ಯನೋರೆ?"

"ಅವರಿಗೆ ಬರೆಯೋಕ್ಕೆ ಬರ್ತಿರ್ಲಿಲ್ಲ."

"ರೆಕಾರ್ಡು?"

"ಇಲ್ಲ."

"ನೋಡಿ ಮತ್ತೆ. ನಮ್ ಮೆಷಿನ್ನು ಇದನ್ನ ಹುಟ್ಟಿಸ್ತು ಅನ್ನೋದಕ್ಕೆ ನಮ್ಮತ್ರ ಪುರಾವೆ ಇದೆ, ತಾರೀಕು ಸಮೇತ."

"ಮೆಷಿನ್ನು ನಾನೇ ಅಲ್ವಾ ಸಾರ್?"

ಪಕ್ಕದಲ್ಲಿದ್ದ ಸೂರ್ಯನಿಗೆ ಕಾಫಿ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಅದನ್ನ ಯಾರಿಗೂ ಹೇಳಲ್ಲ ಅಂತ ಸೈನ್ ಮಾಡಿದ್ದೀರಲ್ಲ ಅಂಕಲ್" ಎಂದ.

ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಎಂದು ನಂದಿತಾ ಕುಣಿದಾಡಿದಳು. "ಮಾತು ಕೊಟ್ಬಿಟ್ಟಿದ್ದೀನಿ ಕಣಮ್ಮ" ಎಂದ ಚಲುವಯ್ಯ. "ಕಳ್ಳರಿಗೆ ಕೊಟ್ಟ ಮಾತೂ ಮಾತಾ?" ಎಂದು ಕೇಳಿದಳು ಅವಳು. ಬರುವ ಏಪ್ರಿಲ್ ಹದಿನಾಲ್ಕಕ್ಕೆ ಅಪ್ಪನ ಹೊಡೆತವನ್ನು ಹಲಸೂರಿನ ಬೀದಿಯಲ್ಲಿ ಬಾರಿಸಲು ಭಗವಂತರಾಯನ ಅಪ್ಪಣೆ ಬೇಕಲ್ಲ ಎಂಬುದೊಂದೇ ಅವನ ಎದೆಯಲ್ಲಿ ಕೂತಿತ್ತು. ನಾಚಿಕೆಯಿಂದ ಅವನಿಗೆ ಅಪ್ಪನ ಫೋಟೊದ ಮುಂದೆ ನಿಲ್ಲಲಾಗುತ್ತಿರಲಿಲ್ಲ.

ಮಾರ್ಚಿನಲ್ಲಿ ದೊಡ್ಡ ಪ್ರದರ್ಶನ ಏರ್ಪಾಡಾಯಿತು. ಬಂಡವಾಳ ಹೂಡುವ ಸಂಸ್ಥೆಯಿಂದ ಮೋನಿಷಾ ಎಂಬಾಕೆ ಇಬ್ಬರು ವಿದೇಶಿಯರನ್ನು ಕರೆದುಕೊಂಡು ಬರುವವಳಿದ್ದಳು. ಇಡೀ ಕಾರ್ಯಕ್ರಮ ಇಂಟರ್‌ನೆಟ್ಟಿನಲ್ಲಿ ನೇರ ಪ್ರಸಾರ. ಅದು ಸೂರ್ಯನದೇ ಐಡಿಯಾ. ಸದ್ದಾಗುತ್ತದೆಂದು ಮೂರನೇ ಮಹಡಿಯ ಎ.ಸಿ. ಬಂದ್ ಮಾಡಿಸಿದ್ದ. ಚಲುವಯ್ಯ ಬೆವರಿ ತೊಪ್ಪೆಯಾಗಿ ಕಿಟಕಿ ತೆರೆದು ಕೂತಿದ್ದ.

ಮೊದಲೆರಡು ತಾಳ ಸರಾಗವಾಗಿ ಹೋದವು. ಮೂರನೆಯದಕ್ಕೆ ಮೋನಿಷಾ "ಹಬ್ಬ" ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ಸೂರ್ಯನ ಸೂಚನೆ ಬಂತು: ಮಾದರಿ ನಲವತ್ತೇಳು. ಚಲುವಯ್ಯ ಹಲ್ಲು ಕಚ್ಚಿ ಕುಂಟು ಹೊಡೆತ ಎತ್ತಿದ. ಕೆಳಗೆ ವಿದೇಶಿಯರು ಕುರ್ಚಿ ಬಿಟ್ಟೆದ್ದು ಕುಣಿದರು. ಇದನ್ನು ಅವನು ಆಮೇಲೆ ವಿಡಿಯೊದಲ್ಲಿ ನೋಡಿದ್ದು, ಒಂದಲ್ಲ ನೂರು ಸಲ.

ಆಗ ಮೋಟಪ್ಪನಪಾಳ್ಯದ ಕಡೆಯಿಂದ ಸಾವಿನ ತಮಟೆ ಕೇಳಿಸಿತು. ಯಾರದೋ ಹೆಣ ಬರುತ್ತಿತ್ತು. ಚಲುವಯ್ಯನ ಕೈ ತಾನಾಗಿ ನಿಂತಿತು. ತಮಟೆಯನ್ನು ಬೋರಲು ಹಾಕಿ ಕಿಟಕಿಗೆ ಮುಖ ಮಾಡಿ ನಿಂತ. ಹಾಲ್‌ನಲ್ಲಿ ಯಂತ್ರ ದಿಢೀರನೆ ಮೂಕವಾಯಿತು. ಸೂರ್ಯ ಗುಂಡಿ ಒತ್ತಿದ, ನಕ್ಕ, "ನೆಟ್‌ವರ್ಕ್ ಲೋಡು" ಎಂದ. ಬೀದಿಯ ಸದ್ದು ಬಾಗಿಲಿನಿಂದ ಒಳಗೆ ಬಂದಾಗ "ಇದು ನಿಮ್ ಮೆಷಿನ್ನಾ?" ಎಂದಳು ಮೋನಿಷಾ. "ಇಲ್ಲ ಮೇಡಂ, ಅದು ಹೊರಗಡೆ, ಒರಿಜಿನಲ್ಲು" ಎಂದು ಸೂರ್ಯನ ಬಾಯಿ ತಪ್ಪಿತು. ಮೇಲಿನ ಪರದೆಯ ಮೇಲೆ "ಬಾರ್ಸಿ ಅಂಕಲ್", "ಅಂಕಲ್ ಪ್ಲೀಸ್", "ನಿಮ್ ಕಾಲಿಗ್ ಬೀಳ್ತೀನಿ" ಎಂದು ಸಾಲು ಸಾಲು ಬಂದವು. ಬೀದಿಯ ಮೂಲೆಯಲ್ಲಿ ಹೆಣ ಹೊತ್ತವರು ಹೆಗಲು ಬದಲಿಸಲು ನಿಂತರು. ನಾಲ್ಕು ನಿಮಿಷ ಕಳೆಯಿತು. ಸತ್ತವನಿಗೆ ಯಾವ ಹೂಡಿಕೆದಾರರ ಅವಸರವೂ ಇರಲಿಲ್ಲ.

ಹೆಣ ದಾಟಿತು. ಕಟ್ಟಳೆಯಂತೆ ಮೊದಲಿನಿಂದ ಶುರು ಮಾಡಬೇಕು, ಅಂದರೆ ಹೆಸರಿನಿಂದ. ಚಲುವಯ್ಯ ತಮಟೆ ಎತ್ತಿಕೊಂಡ. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅವನು ಅದನ್ನು ನೋಡಿದ. ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದಿತ್ತು. ನಲವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಕೊಟ್ಟ ಮಾತು ಯಾರಿಗೂ ಹೇಳುವುದಿಲ್ಲ ಎಂದು. ಅಪ್ಪನ ಹತ್ತಿರ ಮಾತಾಡುವುದಿಲ್ಲ ಎಂದು ಅಲ್ಲವಲ್ಲ. ತಮಟೆಯನ್ನು ಕಣ್ಣಿಗೊತ್ತಿಕೊಂಡು ದಿನಕ್ಕಿಂತ ಜೋರಾಗಿಯೇ ಹೇಳಿದ:

"ಅಪ್ಪಾ ಮುನಿನಾರಾಯಣಪ್ಪಾ, ಇದು ನಿನ್ ಹೊಡೆತ. ತಪ್ಪಾಗಿದೆ, ಹೊಟ್ಟೇಗ್ ಹಾಕ್ಕೋ."

ಕೆಳಗೆ ಆಳೆತ್ತರದ ಸ್ಪೀಕರುಗಳಿಂದ ಕೃತಕ ಬುದ್ಧಿಮತ್ತೆ ತನ್ನ ತಂದೆಯ ಕ್ಷಮೆ ಕೇಳಿತು. ವಿದೇಶಿಯರಲ್ಲೊಬ್ಬ ಚಪ್ಪಾಳೆ ತಟ್ಟಿದ. ಭಗವಂತರಾಯ ಬಾಗಿಲು ಎಲ್ಲಿದೆಯೆಂದು ನೋಡಿದ. ಮೋನಿಷಾ ಕಾಕ್ಸ್ ಟೌನಿನಲ್ಲಿ ಬೆಳೆದವಳು; ಕನ್ನಡ ಅರ್ಥವಾಗಲು ಅವಳಿಗೆ ಹನ್ನೆರಡು ಸೆಕೆಂಡು ಬೇಕಿರಲಿಲ್ಲ.

"ಮುನಿನಾರಾಯಣಪ್ಪ ಯಾರು?"

"ಅದು ಮಾಡೆಲ್ ಹೆಸ್ರು ಮೇಡಂ" ಎಂದ ಸೂರ್ಯ.

"ಮಾಡೆಲ್‌ಗೆ ಅಪ್ಪ ಇದ್ದಾರಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಸದ್ದಿನ ಜಾಡು ಹಿಡಿದು ಮೂರು ಮಹಡಿ ಹತ್ತಿ ಬಂದು ಸಾಮಾನಿನ ಕೋಣೆಯ ಬಾಗಿಲು ತಳ್ಳಿದಳು. ಬನಿಯನ್ನಿನಲ್ಲಿ ಬೆವರುತ್ತ ಬಾರಿಸುತ್ತಿದ್ದ ಚಲುವಯ್ಯ ಕೋಲು ಇಳಿಸಿದ.

"ನೀವು ಯಾರು?"

ಮಾತು ಕೊಟ್ಟವನು ಬೆವರು ಒರೆಸಿಕೊಂಡ. "ನಾನೇ ಮೇಡಂ, ಮೆಷಿನ್ನು" ಎಂದ.

ಆಮೇಲಿನದು ಪೊಲೀಸರ ಪಾಲಿಗೆ ಹೋಯಿತು. ಹೂಡಿಕೆದಾರರ ದೂರಿನ ಮೇಲೆ ಸೂರ್ಯನೂ ಭಗವಂತರಾಯನೂ ಒಬ್ಬರ ಮೇಲೊಬ್ಬರು ಹೇಳಿಕೊಂಡು ಓಡಾಡಿದರು. "ನಿಮಗೂ ಗೊತ್ತಿತ್ತಲ್ರೀ?" ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಚಲುವಯ್ಯ ತಲೆ ತಗ್ಗಿಸಿ "ಗೊತ್ತಿತ್ತು ಸಾರ್, ತಪ್ಪೇ" ಎಂದ. ಅವನನ್ನು ಸಾಕ್ಷಿ ಮಾಡಿಕೊಂಡರು. ನೇರ ಪ್ರಸಾರದ ವಿಡಿಯೊ ಮಾತ್ರ ಸಾವಿರಾರು ಮೊಬೈಲುಗಳಿಗೆ ಹಬ್ಬಿತ್ತು. ಮೆರವಣಿಗೆಯ ವಿಡಿಯೊ ತೆಗೆದುಹಾಕಿದ್ದ ತಾಣಕ್ಕೆ ಕಳಿಸಿದ ತಕರಾರು ಅರ್ಜಿಗೆ ನಂದಿತಾ ಅದನ್ನೇ ಲಗತ್ತಿಸಿದಳು: ತಾಳ ಯಾರದೆಂದು ಕಂಪನಿಯ ಯಂತ್ರವೇ ಬಾಯಿಬಿಟ್ಟು ಹೇಳಿದೆ, ದಯವಿಟ್ಟು ಕೇಳಿಸಿಕೊಳ್ಳಿ. ಏಪ್ರಿಲ್ ಮೊದಲ ವಾರ ಮೆರವಣಿಗೆಯ ವಿಡಿಯೊ ವಾಪಸು ಬಂತು, ಮಾದರಿ ನಲವತ್ತೇಳು ಅಳಿಸಿಹೋಯಿತು.

ಅದೇ ದಿನ ಮುನಿರಾಜ್ ಫೋನು ಮಾಡಿದ. "ಅಣ್ಣಾ, ಈ ಸಲ ಕುಂಟು ಹೊಡೆತ ಹೊಡೀಬೋದಾ? ಯಾರ್ನ ಕೇಳ್ಬೇಕು?"

ಚಲುವಯ್ಯನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಯಾರ್ನೂ ಕೇಳ್ಬೇಡ ಕಣೋ. ಹೆಸರು ಹೇಳಿ ಶುರು ಮಾಡು, ಸಾಕು."

ಹದಿನಾಲ್ಕರಂದು ರಾಮಮೂರ್ತಿ ನಗರದ ತಂಡವೂ ಹಲಸೂರಿಗೇ ಬಂದು ಸೇರಿಕೊಂಡಿತು. ಬೀದಿಯ ಬದಿಯಲ್ಲಿ ಬೆಂಕಿ ಹಾಕಿ ಮೂವತ್ತು ತಮಟೆ ಕಾಯಿಸಿದರು. ಇಪ್ಪತ್ತೊಂಬತ್ತು ಜನ ತಮಟೆಯನ್ನು ಕಣ್ಣಿಗೊತ್ತಿಕೊಂಡು ಒಂದೇ ದನಿಯಲ್ಲಿ ಮುನಿನಾರಾಯಣಪ್ಪನ ಹೆಸರು ಕೂಗಿದರು. ಚಲುವಯ್ಯನ ಬಾಯಿಂದ ಮಾತ್ರ ಹೆಸರು ಹೊರಡಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ನಂದಿತಾ ಅವನ ಪರವಾಗಿ ಹೇಳಿದಳು.