ಹಿಂದಿನ ಗಾಜಿನ ಒಂದಿಂಚು

ನನ್ನ ನಾದಿನಿ ಮನುಷ್ಯರನ್ನು ಮುಖದಿಂದ ಗುರುತು ಹಿಡಿಯುವವಳಲ್ಲ, ಭುಜದಿಂದ. ಬೀದಿಯಲ್ಲಿ ಯಾರಾದರೂ ಮಾತಾಡಿಸಿಕೊಂಡು ಹೋದಾಗ "ಯಾರೇ ಅದು?" ಅಂತ ಕೇಳಿದರೆ, "ಹದಿನೈದೂವರೆ ಭುಜ, ಎಡಗಡೆ ಅರ್ಧ ಇಂಚು ಇಳಿಜಾರು" ಅನ್ನುತ್ತಾಳೆ. ಹೆಸರು ಮಾತ್ರ ಗೊತ್ತಿರುವುದಿಲ್ಲ.

ಅವಳು ದರ್ಜಿ. ನನ್ನ ಗಂಡನ ತಂಗಿ. ಈಗ ಅರವತ್ತಾರು. ನನ್ನ ಗಂಡ ಹೋದ ಮೇಲೆ ನಾನು ಅವಳ ಅಂಗಡಿಯಲ್ಲೇ ಕೂರುತ್ತೇನೆ. ಗುಂಡಿ ಹಾಕುತ್ತೇನೆ, ಅಂಚು ಮಡಿಸುತ್ತೇನೆ, ಅಳತೆ ಬರೆದುಕೊಳ್ಳುತ್ತೇನೆ. ನಾನು ಮೊದಲು ಕಲಿತ ಅಕ್ಷರ ಅವಳ ಅಳತೆ ಪುಸ್ತಕದಲ್ಲೇ: ಎದೆ, ಸೊಂಟ, ತೋಳು, ಕುತ್ತಿಗೆ. ಮಿಕ್ಕ ಅಕ್ಷರ ಆಮೇಲೆ ಒಂದೊಂದಾಗಿ ಬಂದವು.

ಅವಳ ಟೇಪಿನ ವಿಷಯ ಮೊದಲೇ ಹೇಳಿಬಿಡಬೇಕು. ಅದರ ಮೊದಲ ಇಂಚು ಸವೆದು ಸವೆದು ನೂಲಾಗಿ ಉದುರಿಹೋಗಿದೆ. ಹೊಸದು ತಗೋ ಅಂದರೆ, "ಇದು ಕೈಗೆ ಹೊಂದಿಕೊಂಡಿದೆ ಅತ್ತಿಗೆ, ಹೊಸಬರ ಹತ್ತಿರ ನನಗೆ ಮಾತಾಡೋಕೆ ಬರಲ್ಲ" ಅನ್ನುತ್ತಾಳೆ. ಹಾಗಾಗಿ ಒಂದರ ಗೆರೆಯಿಂದ ಅಳತೆ ಶುರು ಮಾಡುತ್ತಾಳೆ. ಟೇಪು ತೋರಿಸಿದ್ದನ್ನು ಕೂಗುತ್ತಾಳೆ. ಅದರಲ್ಲಿ ಒಂದು ಕಳೆದು ಬರೆಯುವುದು ನನ್ನ ಕೆಲಸ. ಅವಳು ಮೂವತ್ತೇಳು ಅಂದರೆ ನನ್ನ ಕೈ ತಾನಾಗಿ ಮೂವತ್ತಾರು ಬರೆಯುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಂಗಿಯೂ ಇದರಿಂದ ಕೆಟ್ಟಿಲ್ಲ.

ಅವಳು ಕಾರು ಕಲಿತದ್ದು ಐವತ್ತೊಂಬತ್ತಕ್ಕೆ. ಕಾರಣ, ತೋಳು ಎತ್ತಲಾಗದವರು. ಭುಜ ಹಿಡಿದುಕೊಂಡ ಮುದುಕಿಯರು, ಹಾಸಿಗೆ ಬಿಟ್ಟು ಏಳದವರು, ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳಲಾಗದವರು. ಇಂಥವರಿಗೆ ಅವಳು ಪಕ್ಕಕ್ಕೆ ಬಿಚ್ಚುವ, ಭುಜದ ಮೇಲೇ ಗುಂಡಿ ಬರುವ ಅಂಗಿ ಹೊಲಿಯುತ್ತಾಳೆ. ಅವರು ಅಂಗಡಿಗೆ ಬರುವುದು ಆಗದ ಮಾತು. ಇವಳೇ ಹೋಗಬೇಕು. ಮೊದಲು ಬಸ್ಸಿನಲ್ಲಿ ಗಂಟು ಹೊತ್ತು ಹೋಗುತ್ತಿದ್ದಳು. ಮಂಡಿ ಕೈಕೊಟ್ಟ ಮೇಲೆ ಒಂದು ಹಳೆಯ ಕೆಂಪು ಕಾರು ತಂದಳು. ಈಗ ಹನ್ನೊಂದು ಮನೆ ಇದೆ, ಮಂಗಳವಾರ ಮತ್ತು ಶುಕ್ರವಾರ. ಅವರಲ್ಲಿ ಒಬ್ಬ ಮುದುಕಿ ಇವಳ ಕಾರಿನ ಸದ್ದು ಕೇಳಿದರೇ ಸಾಕು, ಒಳಗಿಂದ ಕನ್ನಡಿ ಕೇಳುತ್ತಾಳಂತೆ.

ಕಾರು ಕಲಿಸಿದವನು ಅವಳ ತಮ್ಮ, ನನ್ನ ಮೈದುನ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಈಗ ಓಡಿಸಲು ಬಸ್ಸಿಲ್ಲ, ಅದಕ್ಕೆ ನಮ್ಮಿಬ್ಬರನ್ನು ಓಡಿಸುತ್ತಾನೆ.

ಅಂಗಡಿ ಇರುವ ಗಲ್ಲಿ ಸಣ್ಣದು, ಕೊನೆಯಲ್ಲಿ ಗೋಡೆ. ಒಳಗೆ ಹೋದರೆ ಕಾರು ತಿರುಗುವುದಿಲ್ಲ. ಆದ್ದರಿಂದ ಅವಳು ದೊಡ್ಡ ಬೀದಿಯಿಂದ ಹಿಮ್ಮುಖವಾಗಿಯೇ ಬರುತ್ತಾಳೆ. ಬಾಗಿಲಿಗೆ ಕಾರಿನ ಹಿಂಭಾಗ ಸರಿಯಾಗಿ ಬರುತ್ತದೆ, ಬಟ್ಟೆಯ ಗಂಟು ಇಡಲು ಸುಲಭ. ಬಿಸಿಲಿನ ದಿನ ಅವಳು ಸೂಜಿಗೆ ದಾರ ಪೋಣಿಸಿದ ಹಾಗೆ ಬರುತ್ತಾಳೆ. ಮಳೆ ಶುರುವಾಯಿತು ನೋಡಿ, ಆಗ ತೊಂದರೆ. ಹಿಂದಿನ ಗಾಜಿನ ವೈಪರಿನ ರಬ್ಬರು ಹರಿದು ಬಾಲದ ಹಾಗೆ ಜೋತುಬಿದ್ದಿತ್ತು. ಒರೆಸುವುದರ ಬದಲು ನೀರನ್ನು ಗಾಜಿಗೆಲ್ಲ ಬಳಿಯುತ್ತಿತ್ತು. ಕಳೆದ ತಿಂಗಳು ಎದುರು ಮನೆಯ ಪತ್ರಪೆಟ್ಟಿಗೆಯ ಕಂಬಕ್ಕೆ ಕಾರು ತಾಗಿತು. ಕಂಬ ಬಗ್ಗಿತು. ಪೆಟ್ಟಿಗೆ ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ನಿಂತಿತು.

ಮೈದುನ ಅವತ್ತೇ ಬಂದ. "ಅಕ್ಕ, ಸಾಕು ಇನ್ನು. ಇವತ್ತು ಕಂಬ, ನಾಳೆ ಮನುಷ್ಯ. ಕಾರು ಮಾರಿಬಿಡೋಣ. ಕೇಳೋರು ಇದ್ದಾರೆ."

"ತಪ್ಪು ವೈಪರಿಂದು ಕಣೋ."

"ಮೂವತ್ತೊಂದು ವರ್ಷ ಕೇಳಿದ್ದೀನಿ ಈ ಮಾತು. ಯಾವ ಡ್ರೈವರೂ ತಪ್ಪು ತನ್ನದು ಅಂದಿಲ್ಲ. ಕೆಲವರು ಕಂಬದ್ದೇ ತಪ್ಪು ಅಂದಿದ್ದಾರೆ."

ಅವಳಿಗೆ ರೋಷ ಬಂತು. "ಹಾಗಾದರೆ ಕೇಳು. ವೈಪರ್ ಬದಲಾಯಿಸ್ತೀನಿ, ನನ್ನ ಕೈಯಾರೆ. ಭಾನುವಾರ ಮಳೆ ಬರಲಿ, ನೀನೇ ಹಿಂದೆ ನಿಂತ್ಕೊ. ನಿನ್ನ ಕೈಸನ್ನೆ ನೋಡಿಕೊಂಡು ಹಿಂದಕ್ಕೆ ಬರ್ತೀನಿ. ನೀನು ನಿಲ್ಲು ಅಂದ ಕಡೆ ನಿಲ್ಲದಿದ್ದರೆ ಬೀಗದಕೈ ನಿನಗೆ."

ನಾನು ಕೈಯಲ್ಲಿದ್ದ ಸೂಜಿ ಕೆಳಗಿಟ್ಟೆ. ಅವಳು ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ. ಜ್ವರ ಬಂದರೂ ಮಾತು ತಪ್ಪಿದವಳಲ್ಲ. ಬೀಗದಕೈ ಹೋದರೆ ಹೋಯಿತೇ. ಆ ಹನ್ನೊಂದು ಮನೆಯವರು ಮತ್ತೆ ಹಳೆಯ ನೈಟಿ ಕತ್ತರಿಸಿಕೊಂಡು ಹಾಕಿಕೊಳ್ಳಬೇಕು.

ವಾಹನದ ಬಿಡಿಭಾಗದ ಅಂಗಡಿಯವನು ಫೋನಿನಲ್ಲಿ, "ಹಳೇದನ್ನ ಬಿಚ್ಕೊಂಡು ಬನ್ನಿ ಅಮ್ಮ, ನೋಡಿ ಕೊಡ್ತೀನಿ" ಅಂದ.

"ನಾನು ಜನಕ್ಕೆ ಬಟ್ಟೆ ಹೊಲಿಯೋಕೆ ಅವರ ತೋಳು ಬಿಚ್ಕೊಂಡು ಹೋಗ್ತೀನೇನಪ್ಪ? ಅಳತೆ ತರ್ತೀನಿ" ಅಂದಳು ಇವಳು.

ಟೇಪು ಹಿಡಿದು ಕಾರಿನ ಹಿಂದೆ ಬಗ್ಗಿದಳು. ನಾನು ಪುಸ್ತಕ, ಪೆನ್ಸಿಲ್ ಹಿಡಿದು ಬಾಗಿಲಲ್ಲಿ ನಿಂತೆ. ಎರಡು ಸಲ ಅಳೆದಳು. "ಹದಿನಾಲ್ಕು!" ಅಂತ ಕೂಗಿದಳು. ನಾನು ಬರೆದುಕೊಂಡೆ. "ಹೊಲಿಗೆಗೆ ಅಂತ ಏನಾದರೂ ಬಿಡಬೇಕಾ?" ಅಂತ ಕೇಳಿದೆ. ಅವಳು ಗಾಜಿಗೆ ಹಣೆ ಒತ್ತಿಕೊಂಡು ನಕ್ಕಳು. ಬರೆದ ಅಳತೆಯನ್ನೇ ಹಾಳೆಯ ತುದಿಗೂ ಬರೆದು ಚೀಟಿ ಹರಿದು ಕೊಟ್ಟೆ. ಅಂಗಡಿಗೆ ಹೋಗಿ ಕಾರಿನ ಮಾದರಿ ಹೇಳಿ, ಚೀಟಿ ಕೊಟ್ಟು, ಹೊಸ ಬ್ಲೇಡು ತಂದೆವು.

ಶನಿವಾರ ಬೆಳಿಗ್ಗೆ ಹಾಕಿದಳು. ಆ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ. ಮೊದಲು ಟವೆಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಿಡಿದುಕೊಳ್ಳಿ ಅಂದಳು. ವೈಪರಿನ ಕಬ್ಬಿಣದ ತೋಳಿಗೆ ಒಳಗೆ ಸ್ಪ್ರಿಂಗ್ ಇರುತ್ತದೆ, ಬ್ಲೇಡು ತೆಗೆದಾಗ ಕೈಜಾರಿದರೆ ಬಡಿದು ಗಾಜೇ ಒಡೆಯುತ್ತದೆ. ಆಮೇಲೆ ತೋಳನ್ನು ಮೆಲ್ಲಗೆ ಎತ್ತಿದಳು. ಹಳೆಯ ಬ್ಲೇಡನ್ನು ಅಡ್ಡಕ್ಕೆ ತಿರುಗಿಸುತ್ತ ಹೋದಳು. ಟಕ್ ಅಂತ ಬಿಟ್ಟುಕೊಂಡಿತು. ಹೊಸದನ್ನು ಅದೇ ಹಲ್ಲಿಗೆ ಕೂರಿಸಿ ಒತ್ತಿದಳು, ಮತ್ತೆ ಟಕ್. ತೋಳನ್ನು ಮಗುವನ್ನು ಮಲಗಿಸುವ ಹಾಗೆ ಗಾಜಿನ ಮೇಲೆ ಮಲಗಿಸಿದಳು.

"ಸ್ವಲ್ಪ ಗಿಡ್ಡ ಕಾಣುತ್ತಲ್ಲೇ" ಅಂದೆ.

"ಹಳೇದು ಜಗ್ಗಿದೆ ಅತ್ತಿಗೆ. ಹಳೇ ಎಲಾಸ್ಟಿಕ್ ಉದ್ದ ಆಗಲ್ವಾ?"

ಎಲಾಸ್ಟಿಕ್ಕಿನ ಬಗ್ಗೆ ಅವಳಿಗೆ ಎದುರು ಮಾತಾಡುವವರು ಯಾರು? ಹಳೆಯದನ್ನು ಚಿಂದಿ ಬಟ್ಟೆಯ ಚೀಲಕ್ಕೆ ಹಾಕಿದಳು. ಅವಳು ಏನನ್ನೂ ಎಸೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಕೇಳಿ ತರಿಸಿದ ಹಾಗೆ ಮಳೆ. ಮೈದುನ ಅಂಗಡಿ ಬಾಗಿಲಿಗೆ ಎಂಟು ಹೆಜ್ಜೆ ದೂರದಲ್ಲಿ ಕೊಡೆ ಹಿಡಿದು ಕಂಬವಾದ. ಅವನ ಹಿಂದೆ ಸೂರಿನ ನೀರು ಹಿಡಿಯುವ ಡ್ರಮ್ಮು. ಡಿಪೋದಲ್ಲಿ ಕಲಿತ ಪದ್ಧತಿ ಅವನದು: ಬಾಯಿ ಬಿಡಬಾರದು, ಕೈ ಮಾತಾಡಬೇಕು. ಎದೆಯ ಮುಂದೆ ಕೈ ಬೀಸಿದರೆ ಬಾ. ತಲೆಯ ಮೇಲೆ ಅಂಗೈ ಎತ್ತಿದರೆ ನಿಲ್ಲು.

ಕಾರು ಗಲ್ಲಿಗೆ ತಿರುಗಿತು. ವೈಪರ್ ಸರ್ ಸರ್ ಅಂತ ಆಡುತ್ತಿತ್ತು. ಏನು ಚಂದ ಬಂದಳು ಅಂತೀರಿ! ಮೈದುನನ ಕೈ ಬಾ, ಬಾ ಅಂದಿತು. ಮೇಲಕ್ಕೆ ಹೋಯಿತು. ನಿಲ್ಲು ಅಂದಿತು. ಕಾರು ನಿಲ್ಲಲಿಲ್ಲ. ಬಂತು, ಇನ್ನೂ ಬಂತು. ಮೈದುನ ಕೊಡೆ ಬಿಸಾಕಿ ಪಕ್ಕಕ್ಕೆ ಹಾರಿ ಡಿಕ್ಕಿಯ ಮೇಲೆ ಧಬಧಬ ಬಡಿದ. ಡ್ರಮ್ಮಿಗೆ ಇನ್ನು ಒಂದು ಗೇಣು ಇರುವಾಗ ನಿಂತಿತು.

ನಾದಿನಿ ಇಳಿದು ಬಂದಳು. "ನಿಲ್ಲು ಅಂತ ತೋರಿಸಬಾರದಾ?"

"ಆಗಿನಿಂದ ಕೈ ಎತ್ತಿ ನಿಂತಿದ್ದೆನಲ್ಲೇ ಅಕ್ಕ!"

"ಕೈಯೂ ಇಲ್ಲ ತಲೆಯೂ ಇಲ್ಲ. ಕುತ್ತಿಗೆಯಿಂದ ಕೆಳಗೆ ಮಾತ್ರ ಕಂಡೆ. ಅಂಗಡಿಯ ಗೊಂಬೆ ನಿಂತ ಹಾಗೆ ನಿಂತಿದ್ದೆ."

ನಾನು ಗಾಜು ನೋಡಿದೆ. ಒರೆಸಿದ ಜಾಗ ಬೀಸಣಿಗೆಯ ಹಾಗೆ ಫಳಫಳ ಅನ್ನುತ್ತಿತ್ತು. ಅದರ ಮೇಲಂಚಿನಲ್ಲಿ ಮಾತ್ರ ಒಂದು ಇಂಚಿನಷ್ಟು ನೀರು ಹಾಗೇ ಉಳಿದಿತ್ತು. ಗಾಜಿನ ಮೇಲೆ ಒಂದು ಇಂಚು. ಗಲ್ಲಿಯಲ್ಲಿ ಒಬ್ಬ ಮನುಷ್ಯನ ತಲೆ, ಎತ್ತಿದ ಕೈ ಸಮೇತ.

ಮೈದುನ ಕೈ ಚಾಚಿದ. "ಬೀಗದಕೈ ಅಕ್ಕ. ಮಾತು ಅಂದರೆ ಮಾತು."

ಅವಳು ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಕೊಡುವವಳೇ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಾನು ಒಳಗೆ ಹೋದೆ. ಚಿಂದಿ ಚೀಲದಿಂದ ಹಳೆಯ ಬ್ಲೇಡು ತೆಗೆದೆ. ಬಟ್ಟೆ ಕತ್ತರಿಸುವ ಮೇಜಿನ ಮರದ ಅಳತೆಪಟ್ಟಿಯ ಪಕ್ಕ ಇಟ್ಟೆ. ಹದಿನಾಲ್ಕು, ಸರಿಯಾಗಿ ಹದಿನಾಲ್ಕು. ಆಮೇಲೆ ಅಳತೆ ಪುಸ್ತಕ ತೆರೆದೆ. ಚೀಟಿ ಹರಿದ ಹಾಳೆಯ ಮಿಕ್ಕ ಭಾಗದಲ್ಲಿ ನನ್ನದೇ ಅಕ್ಷರ: ಹದಿಮೂರು.

"ಏನೇ," ಅಂತ ಕೂಗಿದೆ, "ಅವತ್ತು ನೀನು ಹದಿನಾಲ್ಕು ಅಂದೆಯಲ್ಲ, ಟೇಪು ಎಷ್ಟು ತೋರಿಸಿತ್ತು?"

"ಹದಿನೈದು. ಯಾಕೆ?"

"ಒಂದು ಕಳೆದು ಹೇಳಿದೆಯಾ?"

"ಹೂಂ. ಕಾರಿನ ವಿಷಯ, ನೀವು ಮರೆತುಬಿಟ್ಟರೆ ಅಂತ ನಾನೇ ಕಳೆದುಬಿಟ್ಟೆ."

"ನಾನೂ ಕಳೆದೆ ಕಣೇ."

ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ತಾನಾಗಿ ಕಳೆದದ್ದು, ಅದೂ ನನಗೆ ಸಹಾಯ ಆಗಲಿ ಅಂತ! ನಗು ಬಂತು ನೋಡಿ, ಇಬ್ಬರಿಗೂ ನಿಲ್ಲಲಾಗಲಿಲ್ಲ. ಒದ್ದೆ ಮೆಟ್ಟಿಲಿನ ಮೇಲೇ ಕೂತುಬಿಟ್ಟೆವು.

"ಇಬ್ಬರಿಗೂ ಸೇರಿ ನೂರ ನಲವತ್ತು ವರ್ಷ," ಅಂದ ಮೈದುನ, "ಒಂದು ಇಂಚು ಅಳೆಯೋಕೆ ಬರಲ್ಲ. ಕೊಡಿ ಬೀಗದಕೈ."

ಆಗ ನಾದಿನಿ ಕಣ್ಣೊರೆಸಿಕೊಂಡು ಎದ್ದಳು. "ಲೋ, ನಿನ್ನ ಕೆಲಸದ ಪ್ಯಾಂಟು ಹೊಲಿದವರು ಯಾರು?"

"ನೀನೇ."

"ಮೊದಲನೇ ಸಲಕ್ಕೇ ಸರಿಹೋಗ್ತಿತ್ತಾ?"

"ಎಲ್ಲಿ ಹೋಗ್ತಿತ್ತು? ನೀನು ಕಚ್ಚಾ ಹೊಲಿಗೆ ಹಾಕಿ, ನನಗೆ ತೊಡಿಸಿ ನೋಡ್ತಿದ್ದೆ. ಮತ್ತೆ ಬಿಚ್ತಿದ್ದೆ."

"ಅದು ನನ್ನ ಅಂಗಡಿಯ ಪದ್ಧತಿ. ಒಂದು ಸಲ ಹಾಕಿ ನೋಡಿದ ಮೇಲೇ ಕೊನೇ ಹೊಲಿಗೆ. ನಿನ್ನ ಹೊಟ್ಟೆಗೆ ಎಷ್ಟು ಸಲ ಬಿಚ್ಚಿದ್ದೀನಿ, ಒಂದು ಸಲವಾದರೂ ಪ್ಯಾಂಟು ಮಾರಿಬಿಡು ಅಂದೆಯಾ? ಈಗ ಆದದ್ದು ಕಚ್ಚಾ ಹೊಲಿಗೆ ಅಂದ್ಕೊ."

ಮೈದುನ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. "ಮಳೆ ನಿಲ್ಲೋದರೊಳಗೆ ಆಗಬೇಕು" ಅಂದ.

ಬಿಡಿಭಾಗದ ಅಂಗಡಿ ಎರಡು ಬೀದಿ ಆಚೆ. ಮಧ್ಯಾಹ್ನಕ್ಕೆ ಮುಚ್ಚುತ್ತಾರೆ. ನಾವು ಒಂದೇ ಕೊಡೆಯಲ್ಲಿ ಓಡಿದೆವು. ಓಡಿದೆವು ಅಂದರೆ, ನಮ್ಮ ವಯಸ್ಸಿನವರು ಓಡುವಷ್ಟು. ಅಂಗಡಿಯವನು ಆಗಲೇ ಬಾಗಿಲಿನ ಒಂದು ಹಲಗೆ ಜೋಡಿಸಿದ್ದ.

"ಬಿಚ್ಕೊಂಡು ಬಂದಿದ್ದೀವಪ್ಪ" ಅಂತ ನಾದಿನಿ ಹಳೆಯ ಬ್ಲೇಡನ್ನು ಅವನ ಮುಂದೆ ಇಟ್ಟಳು. ಅವನು ಹೊಸದನ್ನು ತಂದು ಪಕ್ಕದಲ್ಲಿಟ್ಟ. ತುದಿಗೆ ತುದಿ ಕೂತಿತು. ನಾನೂ ನೋಡಿದೆ, ಅವಳೂ ನೋಡಿದಳು. ಆಮೇಲೆ ಜಾಗ ಬದಲಾಯಿಸಿಕೊಂಡು ಇನ್ನೊಂದು ಸಲ ನೋಡಿದೆವು. "ಜೋಡಿ ಸರಿ ಇದೆ ಅಮ್ಮ, ಕರೆದುಕೊಂಡು ಹೋಗಿ" ಅಂದ ಅವನು.

ಮಳೆಯಲ್ಲೇ ಹಾಕಿದಳು. ನಾನು ಕೊಡೆ ಹಿಡಿದೆ, ಟವೆಲು ಮೈದುನನೇ ಹಿಡಿದ. "ಟಕ್ ಅಂತಾ?" ಅಂದ. "ಟಕ್ ಅಂತು" ಅಂದಳು. ಅವನು ಮತ್ತೆ ತನ್ನ ಜಾಗಕ್ಕೆ ಹೋಗಿ ಡ್ರಮ್ಮಿನ ಮುಂದೆ ನಿಂತ. ಅವಳು ಕಾರನ್ನು ದೊಡ್ಡ ಬೀದಿಗೆ ತೆಗೆದುಕೊಂಡು ಹೋದಳು.

ನಾನು ಅಂಗಡಿಯ ಬಾಗಿಲಲ್ಲಿ ಪೆನ್ಸಿಲ್ ಹಿಡಿದುಕೊಂಡೇ ನಿಂತಿದ್ದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಕಾರು ತಿರುಗಿತು. ಸರ್, ಸರ್. ಬಗ್ಗಿದ ಪತ್ರಪೆಟ್ಟಿಗೆ ದಾಟಿತು. ಬಾ, ಬಾ ಅಂತ ಕೈ ಬೀಸಿತು. ಸೂರಿನ ನೀರು ಗಾಜಿನ ಮೇಲೆ ಧೋ ಅಂತ ಸುರಿಯಿತು, ವೈಪರ್ ಒಂದೇ ಏಟಿಗೆ ಬಳಿದು ಹಾಕಿತು. ಕೈ ತಲೆಯ ಮೇಲೆ ಹೋಯಿತು.

ಕಾರು ನಿಂತಿತು. ಕತ್ತರಿಸಿದ ಹಾಗೆ.

ಮೈದುನ ಎತ್ತಿದ ಕೈ ಇಳಿಸದೆ ಹಾಗೇ ನಿಂತಿದ್ದ. ಡ್ರೈವರ್ ಕಡೆಯ ಕಿಟಕಿ ಇಳಿಯಿತು. ನಾದಿನಿ ತಲೆ ಹೊರಗೆ ಹಾಕಿದಳು.

"ಲೋ! ಕಾಲರಿಂದ ಎರಡನೇ ಗುಂಡಿ ಒಂದು ದಾರದಲ್ಲಿ ನೇತಾಡ್ತಿದೆ. ಬೀಳೋಕೆ ಮುಂಚೆ ಅಂಗಿ ಬಿಚ್ಚಿಕೊಡು, ಅತ್ತಿಗೆ ಹಾಕಿಕೊಡ್ತಾರೆ."

ಅವನು ಕೆಳಗೆ ನೋಡಿಕೊಂಡ. ನಾನೂ ನೋಡಿದೆ. ಬೆಳಿಗ್ಗೆಯಿಂದ ಅವನ ಪಕ್ಕದಲ್ಲೇ ಓಡಾಡುತ್ತಿದ್ದೆ, ನನಗೆ ಕಂಡಿರಲಿಲ್ಲ. ಗುಂಡಿ ನಿಜವಾಗಲೂ ನೇತಾಡುತ್ತಿತ್ತು.

"ಕನ್ನಡಿಯಲ್ಲಿ ಕಂಡಿತಾ ಅಕ್ಕ?" ಅಂದ ಅವನು. ದನಿ ಮೆತ್ತಗಾಗಿತ್ತು.

"ನಿನ್ನ ಮೀಸೆಯಲ್ಲಿ ಎರಡು ಬಿಳಿ ಕೂದಲು ಬಣ್ಣ ಹಚ್ಚದೆ ಬಿಟ್ಟಿದ್ದೀಯ, ಅದೂ ಕಂಡಿತು."

ಅಷ್ಟು ಜೋರಾಗಿ ಅವನು ನಕ್ಕದ್ದನ್ನು ನನ್ನ ಗಂಡ ಹೋದ ಮೇಲೆ ನಾನು ಕೇಳಿರಲಿಲ್ಲ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಮೈದುನ ಬನಿಯನ್ನಿನಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತ. ನಾನು ಗುಂಡಿ ಹಾಕಿಕೊಟ್ಟೆ. ಬೀಗದಕೈ ಗೋಡೆಯ ಮೊಳೆಯಲ್ಲಿ ತನ್ನ ಜಾಗದಲ್ಲಿ ನೇತಾಡುತ್ತಿತ್ತು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಹೋಗುವಾಗ ಎದುರು ಮನೆಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿಟ್ಟು ಹೋದ.

ಮಂಗಳವಾರ ಆರು ಮನೆ ಮುಗಿಸಿ ಬಂದೆವು. ಕನ್ನಡಿ ಕೇಳುವ ಮುದುಕಿಗೆ ನೀಲಿ ಅಂಗಿ, ಭುಜದ ಮೇಲೆ ನಾಲ್ಕು ಗುಂಡಿ. ಅಳತೆ ಹಿಡಿದಂತೆ ಕೂತಿತು.

ಗಿಡ್ಡ ಬ್ಲೇಡು ಈಗ ಅಂಗಡಿಯ ಕನ್ನಡಿ ಒರೆಸಲು ಇದೆ. ಟೇಪು ಮಾತ್ರ ಅದೇ ಹಳೆಯದು. ಅಳತೆ ಪುಸ್ತಕದಲ್ಲಿ ಕಾರಿಗೂ ಒಂದು ಹಾಳೆ ಮಾಡಿದ್ದೇನೆ, ಮುಂದಿನ ಸಲಕ್ಕೆ ಇರಲಿ ಅಂತ. ದಪ್ಪಗೆ ಬರೆದಿದ್ದೇನೆ: ಹಿಂದಿನ ವೈಪರ್, ಹದಿನಾಲ್ಕು. ಯಾರೂ ಕಳೆಯಬೇಡಿ.