ಅಮ್ಮನಿಗೆ ಒಗ್ಗದ ಸೂಜಿ

ನಿನ್ನೆ ಮಿಯಾಪುರದ ಮೆಟ್ರೋದಲ್ಲಿ ಪಕ್ಕದ ಹೆಂಗಸು ಪುಟ್ಟ ಬಾಟಲಿ ತೆಗೆದು ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಂಡಳು. ಆ ಸ್ಪಿರಿಟ್ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಗಂಟಲಿಗೆ ಹೋಯಿತು. "ಏಮೈಂದಮ್ಮಾ?" ಏನಾಯಿತಮ್ಮಾ ಎಂದು ಆಕೆ ತೆಲುಗಿನಲ್ಲಿ ಕೇಳಿದಳು. ಏನಿಲ್ಲವೆಂದೆ. ಅವಳಿಗೆ ಹೇಳದ್ದನ್ನು ನಿಮಗಾದರೂ ಹೇಳುತ್ತೇನೆ.

ನಾವು ಕಲಬುರಗಿ ಕಡೆಯವರು. ಅಪ್ಪನಿಗೆ ಈ ತೆಲುಗು ಊರಿನ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿಯಿತ್ತು. ತರಕಾರಿಯನ್ನು ತೆಲುಗಿನಲ್ಲಿ ಚೌಕಾಸಿ ಮಾಡಿ, ಆಟೋದವನೊಂದಿಗೆ ಹಿಂದಿಯಲ್ಲಿ ಜಗಳವಾಡಿ ಬದುಕುತ್ತಿದ್ದ ನಮಗೆ, ಕಾಲೊನಿಯ ತುದಿಯಲ್ಲಿದ್ದ ದವಾಖಾನೆಯ ಡಾಕ್ಟರು "ಬರ್ರಿ ಅಕ್ಕಾರ, ನಾಷ್ಟಾ ಆತೇನ್ರಿ?" ಎಂದರೆ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತು. ಉಳಿದರ್ಧಕ್ಕೆ ಸೂಜಿ. ಸೂಜಿ ಚುಚ್ಚದೆ ಬರೀ ಗುಳಿಗೆ ಬರೆದುಕೊಡುವವನನ್ನು ನಮ್ಮ ಜನ ಡಾಕ್ಟರೆಂದೇ ಒಪ್ಪುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಅಮ್ಮನಿಗೆ ಕಾಲು ಊದಿ ಜ್ವರ ಬಂದ ದಿನ ಜೊತೆಗೆ ನಾನೇ ಹೋಗಿದ್ದೆ. ಡಾಕ್ಟರು ಸೂಜಿಗೆ ಔಷಧ ಎಳೆಯುವಾಗ ಅಮ್ಮ ಕೇಳಿದಳು: "ಪೆನ್ಸಿಲಿನ್ ಏನ್ರಿ ಅದು? ನನಗ ಅದು ಒಗ್ಗೂದಿಲ್ರಿ. ತವರಮನ್ಯಾಗ ಒಮ್ಮೆ ಕೊಟ್ಟಾಗ ಮೈಯೆಲ್ಲಾ ಬಾತಿತ್ತು."

"ನಮ್ಮ ಕಡೆ ಹೆಣ್ಮಕ್ಕಳಿಗೆ ತವರಮನಿ ಬಿಟ್ಟರ ಏನ ಒಗ್ಗತೈತಿ ಹೇಳ್ರಿ?" ಎಂದು ಡಾಕ್ಟರು ನಕ್ಕರು.

ಸಾಲಿನಲ್ಲಿ ಕುಳಿತವರೆಲ್ಲ ನಕ್ಕರು. ಅಮ್ಮನೂ ನಕ್ಕಳು. ಆ ನಗುವಿನ ನಡುವೆಯೇ ಸೂಜಿ ಇಳಿಯಿತು.

ಮೊದಲು ತುಟಿ ಬಾತುಕೊಂಡಿತು. ಆಮೇಲೆ ಕಣ್ಣು ಮುಚ್ಚಿಹೋಗುವಷ್ಟು ಮುಖ. ಅವಳ ಗಂಟಲಿನಿಂದ ಸಿಳ್ಳಿನಂಥ ಸದ್ದು ಹೊರಟಿತು. ಮನುಷ್ಯರೊಳಗಿಂದ ಅಂಥ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ರಸಾಯನಶಾಸ್ತ್ರದ ಪದವೀಧರೆ. ಆ ಪದವಿ ಅವತ್ತು ಅಮ್ಮನ ಚಪ್ಪಲಿ ಹಿಡಿದು ನಿಲ್ಲುವುದಕ್ಕೆ ಉಪಯೋಗಕ್ಕೆ ಬಂತು. ಡಾಕ್ಟರು ಫೋನಿನಲ್ಲಿದ್ದರು. ಆಗಲೇ ಪಕ್ಷ ಸೇರುವ ಮಾತುಕತೆ ನಡೆದಿತ್ತಂತೆ. ಫೋನನ್ನು ಕಿವಿಯಿಂದ ತೆಗೆಯದೆ, "ಗ್ಯಾಸ್ ಐತಿ, ಹೊರಗ ಗಾಳಿಗೆ ಕುಂದ್ರಸವ್ವ" ಎಂದರು. ನಾನು ಅವಳನ್ನು ಹೊರಗೆ ಎಳೆದುಕೊಂಡು ಹೋಗಿ, ಅಡ್ಡ ನಿಂತು ಆಟೋ ನಿಲ್ಲಿಸಿ, ದೊಡ್ಡ ಆಸ್ಪತ್ರೆಗೆ ಓಡಿದೆ. ದಾರಿಯಲ್ಲಿ ಒಂದು ಸಿಗ್ನಲ್ಲಿನ ಹತ್ತಿರ ಆ ಸದ್ದೂ ನಿಂತಿತು. ಇವತ್ತಿಗೂ ನಾನು ಆ ಸಿಗ್ನಲ್ ತಪ್ಪಿಸಿ ಬೇರೆ ದಾರಿಯಲ್ಲಿ ಓಡಾಡುತ್ತೇನೆ.

ಅಮ್ಮ ಉಳಿದಳು. ಡಾಕ್ಟರು ಮೂಸಂಬಿ ತೆಗೆದುಕೊಂಡು ಮನೆಗೇ ಬಂದರು. "ಟೈಮಿಗೆ ಕಳಿಸಿದೆ, ಉಳದ್ರಿ ಅಕ್ಕಾರ" ಅಂದರು. ಅಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವರ್ಷ ಕಳೆದಂತೆ ಕಥೆ ಬೆಳೆಯಿತು: ದೇವರಂಥ ಡಾಕ್ಟರು ತಾವೇ ಆಟೋ ನಿಲ್ಲಿಸಿದರು, ತಾವೇ ಹತ್ತಿಸಿದರು. ನಾನು ತಿದ್ದಹೋದರೆ, "ತಪ್ಪು ಮಾಡಿದಾಂವ ಮೂಸಂಬಿ ತಗೊಂಡು ಬರ್ತಾನೇನ?" ಎನ್ನುತ್ತಿದ್ದಳು.

ಈಗ ಆ ಡಾಕ್ಟರು ಪಕ್ಷದ ನಾಯಕರು, ದವಾಖಾನೆಯನ್ನೂ ಬಿಟ್ಟಿಲ್ಲ. ಹೋದ ವಾರ ಜೀಡಿಮೆಟ್ಲಾದ ಕಾರ್ಮಿಕನೊಬ್ಬ ಟಿವಿಯಲ್ಲಿ ಅಳುತ್ತ, ಬೇಡವೆಂದರೂ ಇವರು ಕೊಟ್ಟ ಸೂಜಿಯಿಂದ ತನ್ನ ಹೆಂಡತಿ ಸತ್ತಳೆಂದು ಆರೋಪಿಸಿದ. ಅದು ಸುಳ್ಳು, ಬೇಕಾದರೆ ತಮ್ಮ ಹಳೆಯ ರೋಗಿಗಳನ್ನು ಕೇಳಿ ಎಂದರು ಡಾಕ್ಟರು.

ಭಾನುವಾರ ಅವರ ಪಕ್ಷದ ಯಾದಗಿರಿ ಎಂಬ ಕಾರ್ಯಕರ್ತ ನಮ್ಮ ಬಾಗಿಲಿಗೆ ಬಂದ. ಡಾಕ್ಟರು ತನ್ನ ಪ್ರಾಣ ಉಳಿಸಿದ್ದನ್ನು ಅಮ್ಮ ಫೋನಿನ ಕ್ಯಾಮೆರಾ ಮುಂದೆ ಹೇಳಬೇಕಂತೆ, ಅದೂ ತೆಲುಗಿನಲ್ಲಿ, ಊರೆಲ್ಲ ನೋಡುವಂತೆ. ಟಿವಿಯಲ್ಲಿ ಅಳುತ್ತಿದ್ದ ಆ ಮನುಷ್ಯನ ಬಾಯಿಯನ್ನು ಅಮ್ಮನ ಮಾತಿನಿಂದ ಮುಚ್ಚಿಸಲು ಬಂದಿದ್ದ.

"ಬ್ಯಾಡವ್ವ" ಎಂದೆ.

"ಉಪಕಾರ ಮರಿಬಾರದು. ನೀ ಸುಮ್ನಿರು" ಎಂದು ಅಮ್ಮ ಒಳ್ಳೆಯ ಸೀರೆ ಉಟ್ಟು ಬಂದು ಕುಳಿತಳು.

ಅಮ್ಮನದು ತರಕಾರಿ ಕೊಳ್ಳುವಷ್ಟೇ ತೆಲುಗು. ಕನ್ನಡದಲ್ಲಿ ಕಥೆಗೆ ಹಚ್ಚುತ್ತಿದ್ದ ಬಣ್ಣ ಯಾವುದೂ ಆ ತೆಲುಗಿನಲ್ಲಿ ಇರಲಿಲ್ಲ. "ಪೆನ್ಸಿಲಿನ್ ಪಡದು ಅನಿ ಚೆಪ್ಪಿನ" ಎಂದಳು. ಒಗ್ಗುವುದಿಲ್ಲ ಅಂತ ಹೇಳಿದೆ. "ನವ್ವಿಂಡು." ನಕ್ಕ. "ಸೂದಿ ಏಸಿಂಡು." ಸೂಜಿ ಹಾಕಿದ. "ಊಪಿರಿ ಪೋಯಿಂದಿ." ಉಸಿರು ಹೋಯಿತು.

ಅಲ್ಲಿಗೆ ನಿಂತಳು, ಬೇರೆ ಯಾರೋ ಹೇಳಿದ್ದನ್ನು ಕೇಳಿಸಿಕೊಂಡವಳಂತೆ.

"ತರ್ವಾತ ಸಾರೇ ಕಾಪಾಡಿಂಡು ಕದಾ, ಅಮ್ಮಾ?" ಆಮೇಲೆ ಸಾರೇ ಕಾಪಾಡಿದರಲ್ಲವೇ ಎಂದು ಯಾದಗಿರಿ ನೆನಪಿಸಿದ.

ಅಮ್ಮ ನನ್ನ ಮುಖ ನೋಡಿದಳು. "ಆಟೋ ಯಾರು ನಿಲ್ಸಿದ್ರು?" ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳು ಅದನ್ನು ಕೇಳಿರಲಿಲ್ಲ.

"ನಾನವ್ವ."

ಯಾದಗಿರಿ ಫೋನು ಕೆಳಗಿಳಿಸಿದ. ತೆಗೆದದ್ದನ್ನು ನಮ್ಮೆದುರೇ ಅಳಿಸಿದ. "ಇದಿ ವದ್ದುಲೇ ಅಮ್ಮಾ," ಇದು ಬೇಡ ಬಿಡಿ ಎನ್ನುತ್ತ, ನಮ್ಮ ಮುಖ ನೋಡದೆ ಚಪ್ಪಲಿ ಮೆಟ್ಟಿದ.

ಬಾಗಿಲು ಹಾಕಿ ಬಂದಾಗ ಅಮ್ಮ ಕುರ್ಚಿಯಿಂದ ಎದ್ದಿರಲಿಲ್ಲ. "ಆ ಮನಷ್ಯಾ ಟಿವ್ಯಾಗ ಒಬ್ಬನ ಅಳಾಕತ್ತಿದ್ದ" ಎಂದಳು. ಸೆರಗು ಸರಿಮಾಡಿಕೊಂಡಳು. "ನಿನ್ನ ಫೋನ್ ತಗಿ. ಮತ್ತ ಹೇಳ್ತೀನಿ, ತೆಲುಗಿನಾಗ."

ಅದು ಈಗ ನನ್ನ ಫೋನಿನಲ್ಲಿದೆ. ಚಿತ್ರ ಅಲುಗಾಡಿದೆ, ಮಾತು ಮಾತ್ರ ಸ್ಪಷ್ಟವಾಗಿದೆ. ನಾಳೆ ಅಮ್ಮನೂ ನಾನೂ ಜೀಡಿಮೆಟ್ಲಾದ ಆ ಕಾರ್ಮಿಕನ ಮನೆ ಹುಡುಕಿಕೊಂಡು ಹೊರಟಿದ್ದೇವೆ. ಅಮ್ಮನಿಗೆ ಹೆದರಿಕೆ ಇದ್ದಂತೆ ಕಾಣಲಿಲ್ಲ. ನನಗಿದೆ.