ದೊಡ್ಡ ರೈಲಿಗೆ ಬಂದ ದರ್ಜಿಯಜ್ಜ

ಆಟದ ರೈಲು ಕಟ್ಟುವ ನಮ್ಮ ಕೂಟದ ದರ್ಜಿಯಜ್ಜ ಹತ್ತು ಜನರ ಮುಂದೆ ನಾನು ಹಾಕಿದ ಹಳಿ ಕಿತ್ತೆಸೆದದ್ದನ್ನು ನಾನಿನ್ನೂ ಮರೆತಿಲ್ಲ. "ಇದರ ಮೇಲೆ ಇರುವೆ ಕೂಡ ಮುಗ್ಗರಿಸುತ್ತೆ ಕಣೋ" ಎಂದಿದ್ದ ಮಹಾನುಭಾವ.

ಎಪ್ಪತ್ನಾಲ್ಕನೇ ವಯಸ್ಸಿಗೆ ಅವನ ಕಣ್ಣು ಮಂಜಾಯಿತು. ಬೆರಳುದ್ದದ ಎಂಜಿನ್ನಿನ ಗಾಲಿಯನ್ನು ಹಳಿಗೆ ಕೂರಿಸಲಾಗಲಿಲ್ಲ. ಬೇರೆಯವರಾದರೆ ಮೂಲೆ ಹಿಡಿಯುತ್ತಿದ್ದರು. ಇವನು ಹಳಿಯ ಸುತ್ತ ನಲವತ್ತು ವರ್ಷ ಕಟ್ಟಿದ ಪುಟ್ಟ ಆಟದ ಊರನ್ನು ಬಿಚ್ಚಿ, ಮೊಳದುದ್ದದ ಎಂಜಿನ್ನಿನ ದೊಡ್ಡ ರೈಲು ತಂದು, ಮೊದಲ ಹಳಿಯಿಂದ ಶುರು ಮಾಡಿದ. ಬೆಸುಗೆ ಸರಿಯಿದೆಯೇ ಎಂದು ಬೆರಳಿಂದಲೇ ಸವರಿ ನೋಡುತ್ತಿದ್ದ.

ಹಳೆಯ ಎಂಜಿನ್ನುಗಳಲ್ಲಿ ಒಳ್ಳೆಯದನ್ನು ನನ್ನ ಕೈಗಿಟ್ಟ.

"ನಾನಿನ್ನೂ ನಿಮ್ಮ ಮೇಲೆ ಸಿಟ್ಟಲ್ಲಿದ್ದೀನಿ" ಎಂದೆ.

"ಸಿಟ್ಟಿರಲಿ ಬಿಡು, ಕಣ್ಣು ಚೆನ್ನಾಗಿದೆಯಲ್ಲ."

"ಬದಲಿಗೆ ಏನು ಕೊಡಲಿ?"

"ನಿನ್ನ ಕಣ್ಣು ಸೋತಾಗ ಇನ್ನೊಬ್ಬ ಸಿಡುಕನಿಗೆ ಕೊಡು."

ಈಗ ನನಗೂ ದಪ್ಪ ಕನ್ನಡಕ ಬಂದಿದೆ. ಎಂಜಿನ್ನನ್ನು ಮಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ.